ವಾಷರಕ್ಕನ ಒಂದು ಅಂಕದ ಪ್ರಶ್ನೆ

ಇಪ್ಪತ್ತಾರು ವರ್ಷ ದುಂಡಗೆ ಕತ್ತರಿಸಿದ ಕೈ ಅದು. ರಬ್ಬರು, ಕಾರ್ಕು, ಎಣ್ಣೆ ಹೀರದ ಗಟ್ಟಿ ಕಾಗದ, ಏನನ್ನೇ ಮೇಜಿನ ಮೇಲೆ ಹಾಸಿ "ನಾಲ್ಕಿಂಚು" ಎಂದರೆ ಸಾಕು, ನಡುವೆ ಕೈವಾರದ ಮೊಳೆ ಊರಿ, ಅದರ ತೋಳು ತಿರುಗಿಸಿ, ಅಲಗು ಒತ್ತಿ, ಒಂದೇ ಸುತ್ತಿಗೆ ನಾಲ್ಕಿಂಚಿನ ವಾಷರು ಎತ್ತಿ ಕೊಡುತ್ತಿದ್ದಳು. ಪೈಪಿಗೆ ಪೈಪು ಸೇರುವಲ್ಲಿ, ಪಂಪಿನ ಬಾಯಿಗೆ ಮುಚ್ಚಳ ಕೂರುವಲ್ಲಿ ನೀರು, ಹಬೆ, ಎಣ್ಣೆ ಸೋರದಂತೆ ನಡುವೆ ಇಡುವ ಬಿಲ್ಲೆಗಳು. ಸಣ್ಣದಕ್ಕೆ ವಾಷರು, ದೊಡ್ಡದಕ್ಕೆ ಗ್ಯಾಸ್ಕೆಟ್ಟು. ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾವತ್ತೋ ನಿವೃತ್ತರಾಗಿ ಹೋಗಿದ್ದರು. ಉಳಿದವರಿಗೆಲ್ಲ ಅವಳು ವಾಷರಕ್ಕ.

ಇಷ್ಟು ವರ್ಷ ಅವಳ ಜೊತೆಗಿದ್ದ ಬಲಗೈ ಹೆಬ್ಬೆರಳು ನಲವತ್ತೊಂಬತ್ತನೇ ವಯಸ್ಸಿಗೆ ಸರಿಯಾಗಿ ಕೈಕೊಟ್ಟಿತು. ಬುಡದಲ್ಲಿ ಊತ, ಬೆಳಿಗ್ಗೆ ಎದ್ದರೆ ಬಾಟಲಿಯ ಮುಚ್ಚಳ ತಿರುಗಿಸಲೂ ಆಗದು. ಡಾಕ್ಟರು ಒತ್ತಿ ನೋಡಿ, "ಒತ್ತೋ ಕೆಲಸ ಬಿಡಿ" ಎಂದರು. ಒತ್ತುವುದೇ ಕೆಲಸವಾದವಳು ಏನನ್ನು ಬಿಡಬೇಕು? ಬಿಟ್ಟು ಉಳಿಯುವ ದಾರಿ ಒಂದೇ ಒಂದಿತ್ತು. ಕಿಟಕಿಯ ಪಕ್ಕದ ತಪಾಸಣೆ ಮೇಜು. ಅಲ್ಲಿ ಬೆನ್ನಿರುವ ಕುರ್ಚಿ. ಕತ್ತರಿಸಿದ ಬಿಲ್ಲೆಗಳನ್ನು ಅಳೆದು, ಸರಿ ಇದ್ದರೆ ಗುರುತು ಹಾಕಿ, ಇಲ್ಲದಿದ್ದರೆ ಬುಟ್ಟಿಗೆ ಎಸೆಯುವ ಕೆಲಸ. ಆ ಕುರ್ಚಿಯಲ್ಲಿದ್ದ ಮುದುಕರು ಜೂನ್ ಕೊನೆಗೆ ಮನೆಗೆ ಹೋಗುವವರಿದ್ದರು. ಫೋರ್ಮನ್ನು ಒಳ್ಳೆಯವನೇ, ಆದರೆ ಕಾಗದದ ಮನುಷ್ಯ.

"ಕುರ್ಚಿ ನಿಮಗೇ ಕೊಡ್ತೀನಿ ಅಕ್ಕ. ಆದ್ರೆ ಹತ್ತನೇ ಕ್ಲಾಸ್ ಪಾಸಾಗಿರ್ಬೇಕು, ರೂಲ್ಸು. ಮಾರ್ಚಲ್ಲಿ ಒಂದು ಪರೀಕ್ಷೆ, ಜೂನಲ್ಲಿ ಇನ್ನೊಂದು. ಜೂನ್ ದಾಟಿದ್ರೆ ನನ್ನ ಕೈಲಿಲ್ಲ."

ಹದಿನಾರನೇ ವಯಸ್ಸಿನಲ್ಲಿ ಅವಳು ಐದು ವಿಷಯ ಪಾಸಾಗಿ ಗಣಿತದಲ್ಲಿ ಡುಮ್ಕಿ ಹೊಡೆದಿದ್ದಳು. ಆಮೇಲೆ ಮದುವೆ, ಆಮೇಲೆ ಕಾರ್ಖಾನೆ. ಆ ಒಂದು ವಿಷಯ ಮೂವತ್ಮೂರು ವರ್ಷ ಹಾಗೆಯೇ ಬಾಕಿ ಕೂತಿತ್ತು.

ಈಗ ಪಾಠ ಹೇಳುವವರು ಯಾರು? ಅಲ್ಲೇ ಇರುವುದು ತಮಾಷೆ. ಎರಡು ಮನೆ ಆಚೆ ಇರುವ ನಾದಿನಿ, ಗಂಡನ ತಂಗಿ, ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಬೀದಿಯವರಿಗೆಲ್ಲ ಟೀಚರಮ್ಮ. ಹೆಣ್ಣು ನೋಡಲು ಬಂದ ದಿನ ಅಡುಗೆಮನೆಯಲ್ಲಿ "ಅಣ್ಣಾ, ಹುಡುಗಿ ಹತ್ತನೇದು ಫೇಲಂತೆ" ಎಂದು ಪಿಸುಗುಟ್ಟಿದವಳು ಇವಳೇ. ಪಿಸುಮಾತು ಎಂದು ಅವಳು ತಿಳಿದುಕೊಂಡಿದ್ದಳು. ಮುಂದೆ ತರಗತಿಗೆ ಒದಗಿದ ಗಂಟಲು ಅದು, ಮನೆಯಿಡೀ ಕೇಳಿತ್ತು. ವಾಷರಕ್ಕ ಆ ಮಾತನ್ನು ಮರೆತಂತೆ ನಟಿಸುತ್ತಾ ಸಂಸಾರ ಮಾಡಿದ್ದಳು. ಅದೇ ಬಾಯಿಯಿಂದ ಪಾಠ ಹೇಳಿಸಿಕೊಳ್ಳಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ. ಆದರೆ ಹೆಬ್ಬೆರಳು ನೋಯುತ್ತಿತ್ತು.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಪಾಠ ಶುರುವಾಗುವ ಎರಡು ತಿಂಗಳ ಮೊದಲು ಕಾರ್ಖಾನೆಯಲ್ಲಿ ಒಂದು ಅನಾಹುತ ನಡೆದಿತ್ತು. ಬಾಯ್ಲರಿನ ಹೊಟ್ಟೆಯಲ್ಲಿ ಕೈ ಹಾಕಿ ತೊಳೆಯಲೆಂದು ಮೊಟ್ಟೆಯಾಕಾರದ ಕಿಂಡಿ ಬಿಟ್ಟಿರುತ್ತಾರೆ. ಅದರ ಮುಚ್ಚಳದ ಗ್ಯಾಸ್ಕೆಟ್ಟಿಗೆ ಇವರ ಬಳಿ ಒಂದೇ ಒಂದು ಅಚ್ಚಿತ್ತು, ಆರಿಂಚು ಉದ್ದ, ನಾಲ್ಕಿಂಚು ಅಗಲ. ವರ್ಷಗಟ್ಟಲೆ ಅದೊಂದೇ ಅಳತೆ. ಆ ಸಲ ಗಿರಾಕಿ ಹೊಸ ಬಾಯ್ಲರು ತಂದು, "ಅದೇ ಆಕಾರ, ಉದ್ದ ಮಾತ್ರ ಒಂಬತ್ತು" ಎಂದು ಚೀಟಿ ಕಳಿಸಿದ. ವಾಷರಕ್ಕನಿಗೆ ಅದು ನೀರು ಕುಡಿದಷ್ಟು ಸಲೀಸು. ಆರಿಂಚಿನ ದುಂಡನ್ನು ಒಂಬತ್ತು ಮಾಡುವುದು ಹೇಗೆ? ಸುತ್ತಲೂ ಒಂದೂವರೆ ಇಂಚು ಬಿಡುವುದು. ಇಪ್ಪತ್ತಾರು ವರ್ಷ ಹಾಗೇ ಮಾಡಿದ್ದು, ಒಂದು ಸಲವೂ ತಪ್ಪಿರಲಿಲ್ಲ. ಅಚ್ಚಿನ ಸುತ್ತಲೂ ಒಂದೂವರೆ ಇಂಚು ಗುರುತು ಹಾಕಿ ಅರವತ್ತು ತುಂಡು ಕತ್ತರಿಸಿದಳು. ಉದ್ದ ಒಂಬತ್ತು ಬಂತು. ಅಗಲ ಏಳು ಬಂತು. ಮುಚ್ಚಳ ಇದ್ದದ್ದು ಆರು.

ಅರವತ್ತೂ ವಾಪಸು ಬಂದವು. ಹಾಕಿ ನೋಡಿದರೆ ಎರಡೂ ಕಡೆ ಅರ್ಧರ್ಧ ಇಂಚು ನಾಲಿಗೆ ಚಾಚಿಕೊಂಡ ಹಾಗೆ ಹೊರಗೆ.

"ಅಗಲ ಎಷ್ಟು ಅಂತ ಒಂದು ಮಾತು ಕೇಳ್ಬಾರ್ದಾ ಅಕ್ಕ?" ಎಂದ ಫೋರ್ಮನ್ನು.

"ಅದೇ ಆಕಾರ ಅಂತ ಚೀಟೀಲಿ ಬರೆದಿತ್ತಲ್ಲ? ನಾನು ಅದೇ ಆಕಾರಾನೇ ಮಾಡಿದ್ದು. ಸುತ್ತ ಒಂದೇ ಸಮ ಬಿಟ್ಟಿದೀನಿ."

"ಒಂದೇ ಸಮ ಬಿಟ್ಟಿದ್ದಕ್ಕೇ ಬೇರೆ ಆಕಾರ ಆಗಿದೆ, ನೋಡಿ."

"ಮತ್ತೆ ದುಂಡಗಿರೋದಕ್ಕೆ ಯಾಕೆ ಆಗಲ್ಲ?"

ಫೋರ್ಮನ್ನು ಟೀ ಕುಡಿಯಲು ಹೋದ. ಅರವತ್ತು ತುಂಡುಗಳಲ್ಲಿ ಒಂದನ್ನು ವಾಷರಕ್ಕ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಳು. ಇಷ್ಟು ವರ್ಷದ ಕೆಲಸದಲ್ಲಿ ಅವಳು ಹಾಗೆ ಯಾವತ್ತೂ ಮಂಗ ಆಗಿರಲಿಲ್ಲ. ತಪ್ಪು ಮಾಡಿದ್ದಕ್ಕಿಂತ ತಪ್ಪು ಯಾಕೆ ಆಯಿತೆಂದು ತಿಳಿಯದಿರುವುದೇ ಅವಳನ್ನು ಹೆಚ್ಚು ಉರಿಸುತ್ತಿತ್ತು.

ಪಾಠ ಸಂಜೆ ಐದೂವರೆಯಿಂದ ಆರೂವರೆ. ಅಡುಗೆಮನೆಯ ಮೇಜು, ಎರಡು ಸ್ಟೂಲು. ಟೀಚರಮ್ಮ ಮೊದಲ ದಿನ ಬರುತ್ತಲೇ ಪುಸ್ತಕ ಎಳೆದುಕೊಂಡು ಕೆಂಪು ಪೆನ್ನಿನಲ್ಲಿ "ಇದು ಬರತ್ತೆ", "ಇದು ಬರಲ್ಲ", "ಇದು ಎರಡು ಮಾರ್ಕು" ಎಂದು ಅಂಚಿನಲ್ಲಿ ಬರೆದಿಟ್ಟಿದ್ದಳು. ಪಾಸು ಮಾಡಿಸುವ ವಿದ್ಯೆಯಲ್ಲಿ ಅವಳು ಪಳಗಿದ ಕೈ. ಅವಳ ಶಾಲೆಯಲ್ಲಿ ಗಣಿತದಲ್ಲಿ ಫೇಲಾಗುವವರೇ ಇಲ್ಲ ಎನ್ನುವಷ್ಟು ಹೆಸರು. ಜನವರಿಯಲ್ಲಿ ಸಮರೂಪ ಆಕೃತಿಗಳ ಅಧ್ಯಾಯ ಬಂತು. ಅಳತೆ ಬೇರೆಯಾದರೂ ಆಕಾರ ಅದೇ ಇದ್ದರೆ ಸಮರೂಪ. "ಅದೇ ಆಕಾರ" ಎಂಬ ಮಾತು ಕಿವಿಗೆ ಬಿದ್ದದ್ದೇ ವಾಷರಕ್ಕ ಸ್ಟೂಲಿನ ತುದಿಗೆ ಬಂದಳು.

"ಎರಡು ತ್ರಿಭುಜ ಸಮರೂಪ ಅಂತ ಹೇಗೆ ಹೇಳ್ತೀರಿ ಅತ್ತಿಗೆ?"

"ಕೋನಕ್ಕೆ ಕೋನ ಸರಿ ಇರ್ಬೇಕು. ಬಾಹುಗಳು ಎಲ್ಲಾ ಅಷ್ಟಷ್ಟೇ ಪಟ್ಟು ದೊಡ್ಡದಾಗಿರ್ಬೇಕು."

"ಒಂದೇ ಅನುಪಾತದಲ್ಲಿ ಅನ್ನಿ. ಸರಿ. ಎಲ್ಲಾ ವೃತ್ತಗಳೂ ಸಮರೂಪ. ಬರ್ಕೊಳಿ, ಮುಂದಕ್ಕೆ ಹೋಗೋಣ."

"ಯಾಕೆ?"

"ಟೈಮಿಲ್ಲ, ಇನ್ನೂ ಆರು ಚಾಪ್ಟರ್ ಇದೆ."

"ಅದಲ್ಲ. ಎಲ್ಲಾ ವೃತ್ತಗಳೂ ಸಮರೂಪ ಯಾಕೆ? ಇದಕ್ಕೆ ಕೋನ ಎಲ್ಲಿದೆ, ಬಾಹು ಎಲ್ಲಿದೆ? ಏನು ಹಿಡಿದು ನೋಡಿ ಸಮರೂಪ ಅಂದ್ರು?"

ಟೀಚರಮ್ಮ ಪೆನ್ನಿನ ಮುಚ್ಚಳ ಹಾಕಿದಳು. ತೆಗೆದಳು. "ಎಲ್ಲಾ ದುಂಡಗಿವೆಯಲ್ಲ ಅತ್ತಿಗೆ. ನೋಡಿದ್ರೇ ಗೊತ್ತಾಗತ್ತೆ."

"ಮೊಟ್ಟೆಗಳೂ ಎಲ್ಲಾ ಮೊಟ್ಟೆ ಥರಾನೇ ಇರ್ತಾವೆ. ನೋಡಿದ್ರೆ ಗೊತ್ತಾಗೋ ಹಾಗಿದ್ರೆ ನನ್ನ ಅರವತ್ತು ಗ್ಯಾಸ್ಕೆಟ್ ಯಾಕೆ ಹಾಳಾಯ್ತು?"

"ಗ್ಯಾಸ್ಕೆಟ್ ಪರೀಕ್ಷೆಗೆ ಬರಲ್ಲ."

"ಅಯ್ಯೋ, ನಿಮ್ಮ ವಾದ ಮುಗೀತಾ?" ಪಕ್ಕದ ಕೋಣೆಯಿಂದ ಯಜಮಾನರ ದನಿ ಬಂತು. ಮೂವತ್ತು ವರ್ಷದಿಂದ ಬಸ್ಸು ಓಡಿಸುತ್ತಿರುವ ಮನುಷ್ಯ. "ಚಕ್ರ ದುಂಡಗಿದ್ರೆ ಬಸ್ಸು ಹೋಗತ್ತೆ. ಯಾಕೆ ದುಂಡಗಿದೆ ಅಂತ ಇಳಿದು ಕೇಳ್ತಾ ಕೂತ್ರೆ ಪ್ಯಾಸೆಂಜರು ಹೊಡೀತಾರೆ."

"ನೀವು ಸುಮ್ನಿರಿ" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಆ ಸಂಜೆ ಅವರಿಬ್ಬರು ಒಪ್ಪಿದ್ದು ಅದೊಂದೇ ವಿಷಯಕ್ಕೆ.

ಅಲ್ಲಿಂದ ಮುಂದೆ ಆ ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತಾಯಿತು. ಬೇರೆ ಅಧ್ಯಾಯ ಓದುವಾಗಲೂ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು. ಒಂದು ದಿನ ಅವಳು ಗೆದ್ದ ಮುಖ ಹೊತ್ತು ಕಾರ್ಖಾನೆಯಿಂದ ಬಂದಳು. ಚಪ್ಪಲಿ ಬಿಡುವ ಮೊದಲೇ ಶುರು.

"ಗೊತ್ತಾಯ್ತು ಟೀಚರಮ್ಮ. ಯಾವ ದುಂಡನ್ನ ತಗೊಂಡ್ರೂ ಸುತ್ತಳತೆ ಅಡ್ಡಳತೆಯ ಮೂರು ಚಿಲ್ಲರೆ ಪಟ್ಟು. ಸಣ್ಣದಾದ್ರೂ ಅಷ್ಟೇ, ದೊಡ್ಡದಾದ್ರೂ ಅಷ್ಟೇ. ಅದಕ್ಕೇ ಸಮರೂಪ!"

"ಹೂಂ. ಹಾಗೇ ಇಟ್ಕೊಳಿ."

"ಇರು ಇರು. ಆ ಮೂರು ಚಿಲ್ಲರೆ ಎಲ್ಲಾ ದುಂಡಕ್ಕೂ ಒಂದೇ ಯಾಕೆ ಇರತ್ತೆ?"

"ಎಲ್ಲಾ ವೃತ್ತಗಳೂ ಸಮರೂಪ ಅದಕ್ಕೆ."

ವಾಷರಕ್ಕ ಚಪ್ಪಲಿ ಬಿಟ್ಟು ಸ್ಟೂಲಿನ ಮೇಲೆ ಕೂತಳು. "ಅಂದ್ರೆ ಸಮರೂಪ ಯಾಕೆ ಅಂದ್ರೆ ಮೂರು ಚಿಲ್ಲರೆ. ಮೂರು ಚಿಲ್ಲರೆ ಯಾಕೆ ಅಂದ್ರೆ ಸಮರೂಪ. ನನ್ನನ್ನೇನು ಗಾಣಕ್ಕೆ ಕಟ್ಟಿದೀಯಾ?"

"ನಾನು ಕಟ್ಟಿಲ್ಲ ಅತ್ತಿಗೆ, ನೀವೇ ಹೋಗಿ ಕಟ್ಟಿಸ್ಕೊಂಡಿದೀರಿ! ಒಂದು ಮಾರ್ಕಿನ ಪ್ರಶ್ನೆ ಅದು. ಖಾಲಿ ಜಾಗ ಕೊಟ್ಟಿರ್ತಾರೆ, ಸಮರೂಪ ಅಂತ ಬರೆದು ಮುಂದೆ ಹೋಗ್ಬೇಕು. ಇಪ್ಪತ್ತೆರಡು ವರ್ಷದಿಂದ ಮಕ್ಕಳು ಹಾಗೇ ಬರೀತಿದಾರೆ. ಯಾರಿಗೂ ಏನೂ ಆಗಿಲ್ಲ."

ಟೀಚರಮ್ಮನ ಮುಖ ಕೆಂಪಗಾಗಿತ್ತು. ಪುಸ್ತಕ ರಪ್ಪನೆ ಮುಚ್ಚಿ, ಹೇಳದೆ ಕೇಳದೆ ಎದ್ದು ಹೋದಳು. ಇಷ್ಟಕ್ಕೆಲ್ಲ ಇಷ್ಟು ಸಿಟ್ಟು ಯಾಕೆ ಎಂದು ವಾಷರಕ್ಕನಿಗೆ ಅರ್ಥವಾಗಲಿಲ್ಲ. ನಾದಿನಿ ತನ್ನನ್ನು ದಡ್ಡಿ ಎಂದುಕೊಂಡಿದ್ದಾಳೆ, ಹತ್ತನೇದು ಫೇಲು ಎಂಬ ಹಳೆಯ ಮಾತನ್ನು ಈಗ ಬೇರೆ ರೀತಿಯಲ್ಲಿ ಹೇಳಿದಳು, ಅಷ್ಟೇ ಎಂದು ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದಳು.

ಫೆಬ್ರವರಿ ಬಂತು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ನೆರಳಿಗೆ ಹೋಗಿದ್ದಾಗ ವಾಷರಕ್ಕ ಖಾನೆಯಿಂದ ಆ ಹಾಳಾದ ತುಂಡು ತೆಗೆದು ಮೇಜಿನ ಮೇಲೆ ಹಾಕಿ, ಸರಿಯಾಗಿ ನಡುವೆ ಆರಿಂಚಿನ ಹಳೆಯ ಅಚ್ಚನ್ನು ಇಟ್ಟಳು. ಸುತ್ತಲೂ ಒಂದೂವರೆ ಇಂಚು, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಕೆಲಸದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಹಾಗಾದರೆ ತಪ್ಪು ಎಲ್ಲಿ? ಸಿಟ್ಟಿನಿಂದ ಸೀಮೆಸುಣ್ಣ ತೆಗೆದುಕೊಂಡು ನಟ್ಟನಡುವಿನಿಂದ ಉದ್ದಕ್ಕೆ ಒಂದು ಗೆರೆ ಎಳೆದು ಅಳೆದಳು. ಒಳಗಿನ ಅಂಚಿಗೆ ಮೂರು, ಹೊರಗಿನದಕ್ಕೆ ನಾಲ್ಕೂವರೆ. ಒಂದೂವರೆ ಪಟ್ಟು. ಅಡ್ಡಕ್ಕೆ ಇನ್ನೊಂದು ಗೆರೆ. ಒಳಗೆ ಎರಡು, ಹೊರಗೆ ಮೂರೂವರೆ. ಎರಡರ ಒಂದೂವರೆ ಪಟ್ಟು ಮೂರು ತಾನೇ? ಇದು ಅದಕ್ಕಿಂತ ಅರ್ಧ ಇಂಚು ಹೆಚ್ಚು. ಓರೆಯಾಗಿ ಒಂದು ಎಳೆದಳು, ಅಲ್ಲಿ ಬಂದದ್ದು ಮತ್ತೊಂದು ಲೆಕ್ಕ. ಒಂದೊಂದು ದಿಕ್ಕು ಒಂದೊಂದು ಪಟ್ಟು ಬೆಳೆದಿತ್ತು. ಎಲ್ಲ ಕಡೆಗೂ ಅವಳು ಒಂದೇ ಸಮ ಕೊಟ್ಟಿದ್ದಳು, ಆದರೆ ಚಿಕ್ಕದಿದ್ದ ಕಡೆಗೆ ಅದು ಜಾಸ್ತಿಯಾಗಿತ್ತು, ದೊಡ್ಡದಿದ್ದ ಕಡೆಗೆ ಕಡಿಮೆಯಾಗಿತ್ತು.

ಒಂಬತ್ತಿಂಚಿನ ದುಂಡು ಬಿಲ್ಲೆ ತಂದು ನಡುವೆ ಆರಿಂಚಿನದನ್ನು ಇಟ್ಟಳು. ನಡುವಿನಿಂದ ಗೆರೆ. ಮೂರು, ನಾಲ್ಕೂವರೆ. ಇನ್ನೊಂದು ದಿಕ್ಕಿಗೆ ಗೆರೆ. ಮೂರು, ನಾಲ್ಕೂವರೆ. ಎಲ್ಲಿ ಎಳೆದರೂ ಅದೇ, ಏಕೆಂದರೆ ದುಂಡಿನಲ್ಲಿ ನಡುವಿನಿಂದ ಅಂಚಿಗೆ ಇರುವುದೇ ಒಂದು ದೂರ. ಸುತ್ತಲೂ ಒಂದೇ ಸಮ ಕೂಡಿಸಿದರೆ ಸುತ್ತಲೂ ಒಂದೇ ಪಟ್ಟು ಬೆಳೆದಂತೆಯೇ. ಯಾವ ಎರಡು ದುಂಡನ್ನು ತಂದು ನಡುವಿಗೆ ನಡು ಸೇರಿಸಿ ಇಟ್ಟರೂ, ಚಿಕ್ಕದರಿಂದ ದೊಡ್ಡದಕ್ಕೆ ಹೋಗಲು ಒಂದೇ ಒಂದು ಸಂಖ್ಯೆ ಸಾಕು, ಅದು ಎಲ್ಲ ದಿಕ್ಕಿಗೂ ಆಗುತ್ತದೆ. ಅದೇ ಆಕಾರ ಎಂದರೆ ಅದೇ ಅಲ್ಲವೇ? ಇಪ್ಪತ್ತಾರು ವರ್ಷ ತಾನು ಕೂಡಿಸಿದ್ದೇ ಹೊರತು ಗುಣಿಸಿರಲಿಲ್ಲ, ದುಂಡು ಮಾತ್ರ ತುಟಿ ಪಿಟಕ್ಕೆನ್ನದೆ ಅವಳನ್ನು ಕ್ಷಮಿಸುತ್ತಾ ಬಂದಿತ್ತು.

"ಅಕ್ಕ, ಊಟ ಆಯ್ತಾ?" ಎಂದು ಫೋರ್ಮನ್ನು ಒಳಗೆ ಬಂದ.

"ಇಲ್ನೋಡಿ! ಯಾಕೆ ಹಾಳಾಯ್ತು ಅಂತ ಸಿಕ್ತು!"

"ಅದು ಹೋದ ವರ್ಷದ್ದಲ್ವಾ, ಬಿಡಿ. ಬುಟ್ಟಿಗೆ ಹಾಕ್ರಿ ಅದನ್ನ."

ಸಂಜೆ ಟೀಚರಮ್ಮನ ಮನೆಗೇ ಓಡಿದಳು. ಅಲ್ಲಿ ಮೇಜಿನ ತುಂಬ ಉತ್ತರಪತ್ರಿಕೆಗಳ ಕಟ್ಟು. "ಒಂದು ನಿಮಿಷ ಕೇಳು" ಎಂದು ಇವಳು ಬಾಯಿ ತೆಗೆದರೆ, ಅವಳು ತಲೆಯೆತ್ತದೆ, "ಅತ್ತಿಗೆ, ನಿಮ್ಮ ದಮ್ಮಯ್ಯ. ಸರಾಸರಿ ಲೆಕ್ಕ ಅಭ್ಯಾಸ ಮಾಡಿ. ಐದು ಮಾರ್ಕು, ಬಂದೇ ಬರತ್ತೆ. ವೃತ್ತದ ವಿಷ್ಯ ಎತ್ತಿದ್ರೆ ನಾಳೆಯಿಂದ ಬರಲ್ಲ ನಾನು" ಎಂದಳು. ವಾಷರಕ್ಕನಿಗೆ ಅಳು ಬಂದ ಹಾಗಾಯಿತು. ಜೀವನದಲ್ಲಿ ಮೊದಲ ಬಾರಿಗೆ ಗಣಿತದಲ್ಲಿ ಒಂದು ವಿಷಯ ತಾನಾಗಿ ತಿಳಿದಿದೆ, ಕೇಳುವ ಕಿವಿ ಎಲ್ಲೂ ಇಲ್ಲ. ಮನೆಗೆ ಬಂದು ಸರಾಸರಿ ಲೆಕ್ಕವನ್ನು ಹಲ್ಲು ಕಚ್ಚಿಕೊಂಡು ಹನ್ನೊಂದು ಸಲ ಮಾಡಿದಳು.

ಮಾರ್ಚಿನ ಪರೀಕ್ಷೆಯ ದಿನ ಗೇಟಿನಲ್ಲಿ ಕಾವಲುಗಾರ ಅವಳನ್ನು ತಡೆದ. "ಅಮ್ಮಂದಿರು ಆ ಕಡೆ ನೆರಳಲ್ಲಿ ಕೂತ್ಕೊಳಿ." ಅವಳು ಪ್ರವೇಶಪತ್ರ ಅವನ ಮೂಗಿನ ಕೆಳಗೆ ಹಿಡಿದಳು. ಒಳಗೆ ಹದಿನಾರರ ಮಕ್ಕಳ ನಡುವೆ ಮಂಡಿ ತಾಗುವ ಬೆಂಚು. ಪ್ರಶ್ನೆಪತ್ರಿಕೆ ಬಂತು. ಮೊದಲ ಐದು ಸರಾಗವಾಗಿ ಆದವು. ಆರನೆಯದು: "ಯಾವುದೇ ಎರಡು ವೃತ್ತಗಳು ಯಾವಾಗಲೂ ______ ಆಗಿರುತ್ತವೆ." ಪಕ್ಕದಲ್ಲಿ ಅಂಕ, ಒಂದು.

ಸಮರೂಪ, ಎಂದು ಬರೆದಳು. ಅಷ್ಟೇ. ಮುಗಿಯಿತು. ಮುಂದಿನ ಬೆಂಚಿನ ಹುಡುಗಿ ಆಗಲೇ ಅದನ್ನು ಬರೆದು ಹಾಳೆ ಮಗುಚುತ್ತಿದ್ದಳು. ವಾಷರಕ್ಕ ಆ ಗೆರೆಯನ್ನು ನೋಡಿದಳು. ಎರಡು ಬೆರಳಿನಷ್ಟು ಉದ್ದದ ಖಾಲಿ ಜಾಗ. ನಾಲ್ಕು ತಿಂಗಳು ತಲೆ ಚಿಟ್ಟು ಹಿಡಿದದ್ದು, ನಾದಿನಿಯ ಜೊತೆ ಜಗಳ, ಅರವತ್ತು ತುಂಡು, ಎಲ್ಲಕ್ಕೂ ಅವರು ಕೊಟ್ಟ ಜಾಗ ಇಷ್ಟು. ಏನೂ ತಿಳಿಯದವರಿಗೂ ಒಂದು ಅಂಕ, ತಿಳಿದವಳಿಗೂ ಒಂದು ಅಂಕ. ಮೈಯೆಲ್ಲ ಉರಿದುಹೋಯಿತು. ಪೆನ್ನು ಮುಂದಕ್ಕೆ ಹೋಗಲೇ ಇಲ್ಲ.

"ಏಕೆಂದರೆ" ಎಂದು ಬರೆದುಬಿಟ್ಟಳು.

ಆಮೇಲೆ ನಿಲ್ಲಲಾಗಲಿಲ್ಲ. ಎರಡು ದುಂಡು ಬರೆದಳು, ನಡುವಿಗೆ ನಡು ಸೇರಿಸಿ. ಗೆರೆ ಎಳೆದಳು. ಮೊಟ್ಟೆಯನ್ನೂ ಬರೆದಳು, ಅದು ಯಾಕೆ ಕೈಕೊಡುತ್ತದೆ ಎಂದು. ಅಂಚು ಸಾಲದೆ ಹೆಚ್ಚುವರಿ ಹಾಳೆ ಕೇಳಿದಳು. ಹೆಬ್ಬೆರಳು ಚುಚ್ಚತೊಡಗಿತು, ಅಕ್ಷರಗಳು ನಿಧಾನವಾದವು, ಆದರೂ ಪೂರ್ತಿ ಬರೆದಳು. ಬರೆದು ತಲೆಯೆತ್ತಿದರೆ ಮುಕ್ಕಾಲು ಗಂಟೆ ಹೋಗಿತ್ತು. ಬೆವರು ಕಿತ್ತುಕೊಂಡು ಬಂತು. ಉಳಿದ ಲೆಕ್ಕಗಳನ್ನು ಎದ್ದು ಬಿದ್ದು ಮಾಡಿದಳು. ಸರಾಸರಿ ಲೆಕ್ಕದ ಪಟ್ಟಿ ಎಳೆಯುವಷ್ಟರಲ್ಲಿ ಗಂಟೆ ಹೊಡೆಯಿತು.

ಫಲಿತಾಂಶ ಮೇ ತಿಂಗಳಲ್ಲಿ ಬಂತು. ಎರಡು ಅಂಕ ಕಡಿಮೆ.

ಟೀಚರಮ್ಮ ಬಾಗಿಲು ತಟ್ಟದೆ ಒಳಗೆ ನುಗ್ಗಿದಳು. "ಸರಾಸರಿ ಲೆಕ್ಕ ಬಂದಿತ್ತಲ್ಲ! ಹನ್ನೊಂದು ಸಲ ಮಾಡಿದ್ರಲ್ಲ! ಏನಾಯ್ತು?"

"ಟೈಮ್ ಸಾಲಲಿಲ್ಲ."

"ಯಾಕೆ ಸಾಲಲಿಲ್ಲ?"

"ವೃತ್ತದ್ದು ಬಂದಿತ್ತು. ಯಾಕೆ ಅಂತ ಬರೆದೆ."

ಟೀಚರಮ್ಮ ಬಾಯಿಗೆ ಬಂದಂತೆ ಶುರು ಮಾಡಿದಳು. "ಯಾರು ಕೇಳಿದ್ರು ಯಾಕೆ ಅಂತ? ಖಾಲಿ ಜಾಗ ತುಂಬಿ ಅಂದ್ರೆ ಹಾಳೆ ತುಂಬ್ತಾರಾ? ಕಾರಣಕ್ಕೆ ಮಾರ್ಕು ಇಟ್ಟಿರಲ್ಲ ಅತ್ತಿಗೆ, ನೋಡೋರು ಅದನ್ನ ಓದೋದೂ ಇಲ್ಲ, ನಾನೇ ಓದಲ್ಲ! ಕೈ ಹೋಗ್ತಿದೆ, ಕೆಲಸ ಹೋಗ್ತಿದೆ, ನಿಮಗೆ ವೃತ್ತ ಬೇಕಾಗಿತ್ತಾ?"

"ನನಗೆ ಗೊತ್ತಿದ್ದ ಲೆಕ್ಕ ಅದೊಂದೇ ಕಣೇ" ಎಂದಳು ವಾಷರಕ್ಕ. "ಬಾಕಿ ಎಲ್ಲಾ ನೀನು ಹೇಳಿದ್ದನ್ನ ಹಾಗೇ ಬರೆದದ್ದು. ಅದೊಂದು ನಂದು."

ಟೀಚರಮ್ಮ ಸ್ಟೂಲಿನ ಮೇಲೆ ಕುಳಿತಳು. ಒಂದು ಹಾಳೆ ಮುಂದಕ್ಕೆ ತಳ್ಳಿ, "ಏನು ಬರೆದ್ರಿ? ಹೇಳಿ" ಎಂದಳು.

ವಾಷರಕ್ಕ ನಂಬಿಕೆಯಿಲ್ಲದೆಯೇ ಎದ್ದು, ಅಡುಗೆಮನೆಯ ದೊಡ್ಡ ಮುಚ್ಚಳವೊಂದು, ಚಿಕ್ಕ ಮುಚ್ಚಳವೊಂದು ತಂದು ಹಾಳೆಯ ಮೇಲೆ ಒಂದರೊಳಗೊಂದು ಗುರುತು ಹಾಕಿದಳು. ನಡುವಿನಿಂದ ಅಂಚಿಗೆ ಗೆರೆ ಎಳೆಯುತ್ತಾ, ಅಂಕಿ ಬರೆಯುತ್ತಾ, ಮೊಟ್ಟೆಗೆ ಏನಾಗುತ್ತದೆಂದು ತೋರಿಸುತ್ತಾ ಹೇಳಿದಳು. ಟೀಚರಮ್ಮ ಒಂದು ಸಲವೂ ಅಡ್ಡ ಬಾಯಿ ಹಾಕಲಿಲ್ಲ. ಕೊನೆಗೆ ಹುಬ್ಬು ಗಂಟಿಕ್ಕಿ ಕೇಳಿದಳು.

"ನಡುವಿನಿಂದ ಅಂಚಿಗೆ ಸರಿ. ಅಂಚಿನಿಂದ ಅಂಚಿಗೆ? ಈ ಚುಕ್ಕಿಯಿಂದ ಆ ಚುಕ್ಕಿಗೆ? ಅಲ್ಲೂ ಒಂದೂವರೆ ಪಟ್ಟೇ ಇರತ್ತೆ ಅಂತ ಏನು ಗ್ಯಾರಂಟಿ?"

ವಾಷರಕ್ಕ ಅದನ್ನು ಯೋಚಿಸಿರಲಿಲ್ಲ. ಆದರೆ ಟೀಚರಮ್ಮ ಅಷ್ಟರಲ್ಲಿ ಪೆನ್ಸಿಲು ಕಸಿದುಕೊಂಡಿದ್ದಳು. ನಡುವಿನಿಂದ ಎರಡು ಗೆರೆ ಎಳೆದಳು, ಎರಡೂ ವೃತ್ತಗಳನ್ನು ದಾಟಿಸಿ. ಒಳಗಿನ ಎರಡು ಚುಕ್ಕಿ ಸೇರಿಸಿದಳು, ಹೊರಗಿನ ಎರಡು ಚುಕ್ಕಿ ಸೇರಿಸಿದಳು.

"ಚಿಕ್ಕ ತ್ರಿಭುಜ, ದೊಡ್ಡ ತ್ರಿಭುಜ. ಈ ಬಾಹು ಒಂದೂವರೆ ಪಟ್ಟು, ಆ ಬಾಹು ಒಂದೂವರೆ ಪಟ್ಟು, ನಡುವಿನ ಕೋನ ಎರಡಕ್ಕೂ ಅದೇ. ಹಾಗಿದ್ರೆ..." ದನಿ ಏರಿತು. "ಹಾಗಿದ್ರೆ ತ್ರಿಭುಜ ಸಮರೂಪ! ಮೂರನೇ ಬಾಹುನೂ ಒಂದೂವರೆ ಪಟ್ಟೇ! ಅತ್ತಿಗೆ, ಎಲ್ಲಾ ಕಡೆ ಅದೇ ಪಟ್ಟು! ಎಲ್ಲಿಂದ ಎಲ್ಲಿಗೆ ಅಳೆದ್ರೂ!"

ಇಬ್ಬರೂ ಹಾಳೆಯ ಮೇಲೆ ಬಗ್ಗಿ ಹಣೆಗೆ ಹಣೆ ತಾಗುವಷ್ಟು ಹತ್ತಿರವಿದ್ದರು. ಪುಸ್ತಕದ ಅದೇ ಅಧ್ಯಾಯದಲ್ಲಿದ್ದ ತ್ರಿಭುಜವನ್ನು ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದಳು ಟೀಚರಮ್ಮ, ಅದನ್ನು ತಂದು ವೃತ್ತದೊಳಗೆ ಇಡಬಹುದೆಂದು ಅವಳಿಗೆ ಹೊಳೆದಿರಲೇ ಇಲ್ಲ. ಸಂತೋಷ ಒಂದು ನಿಮಿಷ ಇತ್ತೋ ಇಲ್ಲವೋ. ಅವಳು ಪೆನ್ಸಿಲು ಕೆಳಗಿಟ್ಟಳು.

"ನನಗೆ ಗೊತ್ತಿರ್ಲಿಲ್ಲ ಅತ್ತಿಗೆ. ಅದಕ್ಕೇ ಅಷ್ಟು ಸಿಟ್ಟು ಬರ್ತಿತ್ತು." ಹಾಳೆಯನ್ನು ಮಡಚುತ್ತಾ ಹೇಳಿದಳು. "ಒಂಬತ್ತು ವರ್ಷದ ಹಿಂದೆ ಕ್ಲಾಸಲ್ಲಿ ಒಂದು ಹುಡುಗಿ ನೀವು ಕೇಳಿದ ಹಾಗೇ ಕೇಳಿದ್ಲು. ಕೋನ ಎಲ್ಲಿದೆ ಟೀಚರ್ ಅಂತ. ಅಧಿಕಪ್ರಸಂಗ ಅಂತ ಬಾಗಿಲ ಹೊರಗೆ ನಿಲ್ಲಿಸಿದೆ. ಆಮೇಲೆ ವರ್ಷ ಪೂರ್ತಿ ಆ ಹುಡುಗಿ ಕೈ ಎತ್ತಲೇ ಇಲ್ಲ. ನೂರಕ್ಕೆ ತೊಂಬತ್ತಾರು ತಗೊಂಡ್ಲು. ನಾನು ಎಲ್ಲರ ಹತ್ರ ಅವಳನ್ನ ಹೊಗಳಿಕೊಂಡು ತಿರುಗಾಡಿದೆ."

ವಾಷರಕ್ಕ ಹಳೆಯ ಸಿಟ್ಟನ್ನು ಹುಡುಕಿದಳು, ಅದು ಕೈಗೆ ಸಿಗಲಿಲ್ಲ. ಟೀ ಇಟ್ಟಳು.

ಫೋರ್ಮನ್ನಿಗೆ ವಿಷಯ ಗೊತ್ತಾಗಿ, "ಇನ್ನೊಂದೇ ಸಲ ಇದೆ ಅಕ್ಕ. ಆಮೇಲೆ ಪಕ್ಕದ ಶೆಡ್ಡಿನ ಹುಡುಗಿಗೆ ಕುರ್ಚಿ ಹೋಗತ್ತೆ" ಎಂದ. ಆ ಹೊತ್ತಿಗೆ ಅವಳು ಅಲಗನ್ನು ಎಡಗೈಯಲ್ಲಿ ಒತ್ತಲು ಕಲಿಯುತ್ತಿದ್ದಳು. ಒಂದು ದಿನಕ್ಕೆ ಮುನ್ನೂರು ಬಿಲ್ಲೆ ಎತ್ತುತ್ತಿದ್ದವಳು ಎಂಬತ್ತು ಎತ್ತಿದರೆ ಹೆಚ್ಚು, ಅವುಗಳಲ್ಲೂ ಹತ್ತು ಸೊಟ್ಟ. ಇನ್ನು ಆರು ತಿಂಗಳಿಗೆ ಮನೆಗೆ ಕಳಿಸುತ್ತಾರೆಂದು ಯಾರೂ ಹೇಳದೆಯೇ ತಿಳಿಯುತ್ತಿತ್ತು. ಟೀಚರಮ್ಮ ದಿನಾ ಬಂದಳು. ಈಗ ಅವಳ ಪಾಠವೇ ಬೇರೆಯಾಗಿತ್ತು. ಪುಸ್ತಕದ ಅಂಚಿನ ಕೆಂಪು ಅಕ್ಷರಗಳ ಮೇಲೆ ಗೀಟು ಹಾಕಿ, "ಇದು ಯಾಕೆ ಹೀಗೆ ಅತ್ತಿಗೆ, ನಿಮಗೆ ಏನನ್ಸತ್ತೆ?" ಎಂದು ಕೇಳುವಳು. ವಾಷರಕ್ಕನಿಗೆ ಆಸೆಯಾಗುತ್ತಿತ್ತು, ಜೊತೆಗೆ ಹೆದರಿಕೆಯೂ. ಕೊನೆಯ ವಾರ ಅವಳೇ ತಡೆದಳು. "ಬೇಡ ಕಣೇ. ಯಾಕೆ ಅಂತ ಶುರು ಮಾಡಿದ್ರೆ ನನಗೆ ನಿಲ್ಸೋಕಾಗಲ್ಲ. ಏನು ಬರತ್ತೆ ಅಷ್ಟು ಮಾತ್ರ ಹೇಳು."

ಜೂನಿನ ಪರೀಕ್ಷೆ ಮುಗಿಸಿ ಅವಳು ಹೊರಗೆ ಬಂದಾಗ ಟೀಚರಮ್ಮ ಗೇಟಿನ ಹೊರಗೆ ಅಮ್ಮಂದಿರ ಜೊತೆ ನೆರಳಲ್ಲಿ ನಿಂತಿದ್ದಳು. ಶಾಲೆಗೆ ರಜೆ ಹಾಕಿ ಬಂದಿದ್ದಳು.

"ಸರಾಸರಿ ಲೆಕ್ಕ?"

"ಪೂರ್ತಿ ಮಾಡಿದೆ. ಎಲ್ಲಾ ಮಾಡಿದೆ. ಕಾಲು ಗಂಟೆ ಉಳೀತು. ಪಾಸಾಗ್ತೀನಿ."

ಅದು ನಿಜವೇ. ಅವಳು ಪಾಸಾದಳು, ಕುರ್ಚಿಯೂ ಸಿಕ್ಕಿತು. ಆದರೆ ಆ ಮಧ್ಯಾಹ್ನ ಟೀಚರಮ್ಮ ಕೇಳಬೇಕೋ ಬೇಡವೋ ಎಂದು ಸೆರಗು ತಿರುಚುತ್ತಾ ಸ್ವಲ್ಪ ದೂರ ನಡೆದ ಮೇಲೆ ಕೇಳಿದಳು.

"ವೃತ್ತದ್ದು ಬಂದಿತ್ತಾ?"

"ಬಂದಿತ್ತು. ಖಾಲಿ ಜಾಗ."

"ಏನು ಬರೆದ್ರಿ?"

"ಸಮರೂಪ ಅಂತ ಬರೆದೆ. ಬರೆದು ಮುಂದೆ ಹೋದೆ." ವಾಷರಕ್ಕ ರಸ್ತೆ ನೋಡುತ್ತಾ ಹೇಳಿದಳು. ಮಾರ್ಚಿನ ಪರೀಕ್ಷೆಯಲ್ಲಿ ಫೇಲಾದಾಗ ಆಗದ ನಾಚಿಕೆ ಈಗ ಆಗುತ್ತಿತ್ತು. "ಉಳಿದ ಕಾಲು ಗಂಟೆ ಕೈ ಕಟ್ಕೊಂಡು ಕೂತಿದ್ದೆ. ಪೆನ್ನು ಮುಟ್ಟಲಿಲ್ಲ."

ಟೀಚರಮ್ಮ ಅವಳ ಊದಿದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಸರಿ ಮಾಡಿದ್ರಿ ಅತ್ತಿಗೆ" ಎಂದಳು. "ನನ್ನ ಮಕ್ಕಳೆಲ್ಲ ಹಾಗೇ ಪಾಸಾಗಿದ್ದು." ಬಸ್ಸು ಬರುವವರೆಗೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು.